ಗಂಡನ ಮೈವಾಸನೆ ಮೊದಲಿನ ಹಾಗೆ ಇಲ್ಲ. ಇದಕ್ಕೂ ಫೆರೋಮೋನ್‌ಗೂ ಸಂಬಂಧ ಇದೆಯಾ?

ಮಳೆಬಿಲ್ಲು ಕೇಳಿದ್ದು:

ಇದನ್ನು ಯಾರ ಹತ್ತಿರ ಕೇಳಬೇಕು ಅಂತ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮದುವೆಯಾಗಿ 11 ವರ್ಷ. ನನ್ನ ಗಂಡನ ಮೈವಾಸನೆ ನನಗೆ ಮೊದಲಿನಿಂದಲೂ ತುಂಬಾ ಇಷ್ಟ. ಸೆಂಟು, ಪೌಡರ್ ವಾಸನೆ ಅಲ್ಲ. ಕಿವಿಯ ಹಿಂದೆ, ಕುತ್ತಿಗೆ ಭುಜಕ್ಕೆ ಸೇರುವ ಕಡೆ ಇರುತ್ತಲ್ಲ, ಅದು. ಬಿಸಿಲಿಗೆ ಒಣಗಿದ ಬಟ್ಟೆ, ಹಳೇ ಮರದ ಪೆಟ್ಟಿಗೆ, ಎರಡೂ ಸೇರಿದ ಹಾಗೆ. ಅವರು ಕೆಲಸದ ಮೇಲೆ ನಾಲ್ಕು ದಿನ ಹೊರಗೆ ಹೋದರೆ ಅವರ ಒಂದು ಬನಿಯನ್ ಒಗೆಯದೆ ಇಟ್ಟುಕೊಂಡು, ದಿಂಬಿನ ಮೇಲೆ ಹಾಸಿ ಮಲಗುತ್ತಿದ್ದೆ. ಇದು ಅವರಿಗೂ ಗೊತ್ತು.

ಕೋವಿಡ್ ಬಂದಾಗ ನನ್ನ ಮೂಗು ಪೂರ್ತಿ ಹೋಯಿತು. ಐದು ತಿಂಗಳು ಏನೂ ಇಲ್ಲ. ಆಮೇಲೆ ನಿಧಾನಕ್ಕೆ ವಾಪಸ್ ಬಂತು, ಆದರೆ ಕೆಟ್ಟು ಬಂತು. ಕಾಫಿ ಸುಟ್ಟ ರಬ್ಬರ್ ಆಯಿತು. ಈರುಳ್ಳಿ ಹತ್ತಿರ ನಿಲ್ಲೋಕೆ ಆಗಲಿಲ್ಲ. ಅದನ್ನೆಲ್ಲ ಸಹಿಸಿಕೊಂಡೆ. ಆದರೆ ಗಂಡನ ಕುತ್ತಿಗೆ ಒದ್ದೆ ರಟ್ಟಿನ ವಾಸನೆ ಬರೋಕೆ ಶುರುವಾಯಿತು. ಜೊತೆಗೆ ತುಕ್ಕು ಹಿಡಿದ ಕಬ್ಬಿಣದ ಥರ ಏನೋ ಒಂದು.

ನಾನು ಏನೂ ಹೇಳಲಿಲ್ಲ. ಆದರೆ ಒಂದು ರಾತ್ರಿ ಅವರು ಪಕ್ಕಕ್ಕೆ ತಿರುಗಿ ನನ್ನನ್ನು ಹತ್ತಿರ ಎಳೆದುಕೊಂಡಾಗ ನಾನು ಉಸಿರು ಹಿಡಿದೆ. ಬೇಕು ಅಂತ ಹಿಡಿದಿದ್ದಲ್ಲ, ತಾನಾಗೇ ಆಯಿತು. ಅವರು ಒಂದು ನಿಮಿಷ ಸುಮ್ಮನಿದ್ದು "ಉಸಿರು ಹಿಡಿದಿದ್ದೀಯಾ?" ಅಂತ ಕೇಳಿದರು. ಮಾರನೇ ದಿನದಿಂದ ಎರಡು ಹೊತ್ತು ಸ್ನಾನ ಮಾಡುತ್ತಿದ್ದಾರೆ. ಸೋಪು ಬದಲಾಯಿಸಿದ್ದಾರೆ. ಅದರ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ನನ್ನ ಗೆಳತಿಗೆ ಹೇಳಿಕೊಂಡಾಗ ಅವಳು, "ಆಕರ್ಷಣೆ ಎಲ್ಲಾ ಫೆರೋಮೋನ್ ಕೈಯಲ್ಲಿ ಇರೋದು ಕಣೇ. ವಾಸನೆ ಹಿಡಿಸ್ತಿಲ್ಲ ಅಂದ್ರೆ ನಿಮ್ಮಿಬ್ಬರ ಜೀನ್ ಹೊಂದ್ತಿಲ್ಲ ಅಂತ ದೇಹ ಹೇಳ್ತಿದೆ" ಅಂದಳು. ಬೆವರಿನ ಟೀ ಶರ್ಟ್ ಮೂಸಿ ನೋಡಿದ ಪರೀಕ್ಷೆಯ ಕತೆಯನ್ನೂ ಹೇಳಿದಳು. ಆವತ್ತಿನಿಂದ ನಿದ್ದೆ ಇಲ್ಲ. ಮನುಷ್ಯರಲ್ಲಿ ನಿಜವಾಗಲೂ ಫೆರೋಮೋನ್ ಇದೆಯಾ? ನನ್ನ ದೇಹ ಏನಾದರೂ ಹೇಳುತ್ತಿದೆಯಾ? ಫೆರೋಮೋನ್ ಸ್ಪ್ರೇ ಅಂತ ಮಾರುತ್ತಾರಲ್ಲ, ಅದನ್ನು ಅವರು ಹಾಕಿಕೊಂಡರೆ ಸರಿಹೋಗುತ್ತಾ?

ಪತಂಗದ_ಹಿಂದೆ ಉತ್ತರಿಸಿದ್ದು:

ಮಳೆಬಿಲ್ಲು ಅವರೇ, ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ನಿಮ್ಮ ದೇಹ ನಿಮ್ಮ ಮದುವೆ ಬಗ್ಗೆ ಏನನ್ನೂ ಹೇಳುತ್ತಿಲ್ಲ. ನಿಮ್ಮ ಮೂಗಿಗೆ ಪೆಟ್ಟಾಗಿದೆ, ಅಷ್ಟೇ.

ನನ್ನ ಕೆಲಸವೇ ಫೆರೋಮೋನ್. 14 ವರ್ಷದಿಂದ ಬೆಳೆ ತಿನ್ನುವ ಹುಳುಗಳ ಪತಂಗ ಹಿಡಿಯುವ ಮೋಹಕ ಬಲೆಗಳ ಜೊತೆ ಇದ್ದೇನೆ. ಬಲೆಯೊಳಗೆ ಒಂದು ಪುಟ್ಟ ರಬ್ಬರ್ ತುಂಡು ಇಡುತ್ತೇವೆ, ಲೂರ್ ಅಂತೀವಿ. ಅದರಲ್ಲಿ ಹೆಣ್ಣು ಪತಂಗ ಬಿಡುವ ರಾಸಾಯನಿಕ ಒಂದೆರಡು ಮಿಲಿಗ್ರಾಂ ಇರುತ್ತದೆ. ಒಮ್ಮೆ ಸಂಜೆ ಲೂರ್ ಮುಟ್ಟಿದ ಕೈಯನ್ನು ಮರೆತು ಅಂಗಿಗೆ ಒರೆಸಿಕೊಂಡಿದ್ದೆ. ಕತ್ತಲಾದ ಮೇಲೆ ಹೊಲದ ಬದುವಿನಲ್ಲಿ ನಿಂತರೆ ಗಂಡು ಪತಂಗಗಳು ಒಂದೊಂದಾಗಿ ಬಂದು ನನ್ನ ಅಂಗಿಯ ಮೇಲೆ ಕೂತವು. ರೆಕ್ಕೆ ಪಟಪಟ ಬಡಿಯುತ್ತಾ, ಹೊಟ್ಟೆಯ ತುದಿ ಬಾಗಿಸಿಕೊಂಡು ಬಟ್ಟೆಯ ಮೇಲೆ ಹೆಣ್ಣನ್ನು ಹುಡುಕುತ್ತಿದ್ದವು. ಅಲ್ಲಿ ಹೆಣ್ಣು ಇಲ್ಲ ಅನ್ನುವುದು ಅವಕ್ಕೆ ಲೆಕ್ಕಕ್ಕೇ ಇಲ್ಲ. ನನಗೆ ಮಾತ್ರ ಯಾವ ವಾಸನೆಯೂ ಬರುತ್ತಿರಲಿಲ್ಲ. ಫೆರೋಮೋನ್ ಅಂದರೆ ಇದು. ಒಂದು ಪ್ರಾಣಿ ಬಿಡುವ, ಅದೇ ಜಾತಿಯ ಇನ್ನೊಂದನ್ನು ಹೀಗೆ ಕುಣಿಸುವ ರಾಸಾಯನಿಕ.

ಈ ಪದ ಹುಟ್ಟಿದ್ದು 1959ರಲ್ಲಿ. ಪೀಟರ್ ಕಾರ್ಲ್ಸನ್ ಮತ್ತು ಮಾರ್ಟಿನ್ ಲೂಷರ್ ಅನ್ನುವ ಇಬ್ಬರು ವಿಜ್ಞಾನಿಗಳು ಗ್ರೀಕ್ ಪದಗಳನ್ನು ಜೋಡಿಸಿ ಇಟ್ಟ ಹೆಸರು. ಹೊತ್ತು ತರುವುದು, ಕೆರಳಿಸುವುದು ಅಂತ ಅರ್ಥ. ಅದೇ ವರ್ಷ ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಬುಟೆನಾಂಟ್ ಅವರ ತಂಡ ರೇಷ್ಮೆ ಪತಂಗದ ಫೆರೋಮೋನ್ ಕಂಡುಹಿಡಿದ ಸುದ್ದಿ ಬಂತು. ಅದಕ್ಕೆ ಬಾಂಬಿಕಾಲ್ ಅಂತ ಹೆಸರು. ಸುಮಾರು 5 ಲಕ್ಷ ಪತಂಗಗಳ ಗ್ರಂಥಿ ಕತ್ತರಿಸಿ, ಹತ್ತಿರ ಹತ್ತಿರ 20 ವರ್ಷ ಕೆಲಸ ಮಾಡಿ, ಕೊನೆಗೆ ಕೈಗೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಇಷ್ಟು ಕಷ್ಟ ಪಟ್ಟಿದ್ದು ಯಾಕೆ ಗೊತ್ತಾ? ಇಂಥದ್ದೇ ಅಣು, ಅದರಿಂದಲೇ ಈ ವರ್ತನೆ ಅಂತ ಅನುಮಾನ ಉಳಿಯದ ಹಾಗೆ ತೋರಿಸಬೇಕಿತ್ತು.

ನಮ್ಮ ಕಡೆ ಒಂದು ವಾಸನೆಯನ್ನು ಫೆರೋಮೋನ್ ಅನ್ನಬೇಕಾದರೆ ಅದು ಇಂಥದ್ದೇ ಅಣು ಅಥವಾ ಇಂಥದ್ದೇ ಬೆರಕೆ ಅಂತ ಗೊತ್ತಿರಬೇಕು. ಆ ಜಾತಿಯಲ್ಲಿ ಎಲ್ಲರಲ್ಲೂ ಅದು ಒಂದೇ ಥರ ಇರಬೇಕು. ಯಾರೂ ಕಲಿಸದೆ ಪ್ರತಿಕ್ರಿಯೆ ಬರಬೇಕು. ಹಂದಿಯಲ್ಲಿ ಇದೆ. ಗಂಡು ಹಂದಿಯ ಜೊಲ್ಲಿನಲ್ಲಿರುವ ಆಂಡ್ರೋಸ್ಟೆನೋನ್ ಮೂಗಿಗೆ ಬಿದ್ದರೆ ಬೆದೆಗೆ ಬಂದ ಹೆಣ್ಣು ಹಂದಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಹಂದಿ ಸಾಕುವವರು ಇದನ್ನು ಸ್ಪ್ರೇ ಮಾಡಿ ಕೃತಕ ಗರ್ಭಧಾರಣೆಗೆ ಬಳಸುತ್ತಾರೆ. ಮೊಲದಲ್ಲೂ ಇದೆ. ತಾಯಿ ಮೊಲ ದಿನಕ್ಕೆ ಒಂದು ಸಲ, ನಾಲ್ಕೈದು ನಿಮಿಷ ಮಾತ್ರ ಮರಿಗಳ ಹತ್ತಿರ ಬರುತ್ತದೆ. ಕಣ್ಣು ಬಿಡದ ಮರಿ ಅಷ್ಟರಲ್ಲಿ ಮೊಲೆ ಹುಡುಕಬೇಕು. ಹಾಲಿನಲ್ಲಿರುವ ಒಂದೇ ಒಂದು ಅಣು ಅದಕ್ಕೆ ದಾರಿ ತೋರಿಸುತ್ತದೆ. 2003ರಲ್ಲಿ ಫ್ರಾನ್ಸ್‌ನವರು ಇದನ್ನು ಕಂಡುಹಿಡಿದರು. ಆ ಅಣುವನ್ನು ಗಾಜಿನ ಕಡ್ಡಿಗೆ ಹಚ್ಚಿ ಹಿಡಿದರೆ ಮರಿ ಕಡ್ಡಿಯನ್ನೇ ಕಚ್ಚಿಕೊಳ್ಳುತ್ತದೆ.

ಇನ್ನು ಮನುಷ್ಯರ ವಿಷಯ. ಇವತ್ತಿನವರೆಗೂ ಈ ಪರೀಕ್ಷೆ ಪಾಸಾದ ಒಂದೇ ಒಂದು ಅಣುವೂ ಮನುಷ್ಯರಲ್ಲಿ ಸಿಕ್ಕಿಲ್ಲ. ಆಂಡ್ರೋಸ್ಟಾಡೈಯಿನೋನ್, ಎಸ್ಟ್ರಾಟೆಟ್ರಾಯಿನಾಲ್ ಅಂತ ಎರಡು ಅಣುಗಳ ಹೆಸರು ಮನುಷ್ಯರ ಫೆರೋಮೋನ್ ಅಂತ ಎಲ್ಲ ಕಡೆ ಓಡಾಡುತ್ತವೆ. ಅವು ಬೆಳಕಿಗೆ ಬಂದಿದ್ದು 1991ರ ಒಂದು ಸಮ್ಮೇಳನದಿಂದ. ಆ ಸಮ್ಮೇಳನಕ್ಕೆ ಹಣ ಹಾಕಿದ್ದು ಇಂಥ ಸೆಂಟಿನಲ್ಲಿ ಆಸಕ್ತಿ ಇದ್ದ ಒಂದು ಕಂಪನಿ. ಆ ಎರಡನ್ನೇ ಯಾಕೆ ಆರಿಸಿದರು, ಹೇಗೆ ಬೇರ್ಪಡಿಸಿದರು ಅನ್ನುವ ವಿವರವನ್ನೇ ಕೊಡಲಿಲ್ಲ. ಆಕ್ಸ್‌ಫರ್ಡ್‌ನ ಜೀವಶಾಸ್ತ್ರಜ್ಞ ಟ್ರಿಸ್ಟ್ರಾಮ್ ವಯಾಟ್ 2015ರಲ್ಲಿ ಇದನ್ನೆಲ್ಲ ಬಿಡಿಸಿ ಬರೆದರು. 2017ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಈ ಎರಡನ್ನೂ ಜನರ ಮೂಗಿನ ಹತ್ತಿರ ಇಟ್ಟು ಮುಖದ ಚಿತ್ರಗಳಿಗೆ ಅಂಕ ಕೊಡಿಸಿದರು. ಆ ವಾಸನೆ ಇದ್ದರೂ ಇಲ್ಲದಿದ್ದರೂ ಆಕರ್ಷಣೆಯ ಅಂಕದಲ್ಲಿ ವ್ಯತ್ಯಾಸ ಬರಲಿಲ್ಲ.

"ಮನುಷ್ಯರಿಗೆ ಫೆರೋಮೋನ್ ಹಿಡಿಯುವ ಅಂಗವೇ ಇಲ್ಲ, ಹಾಗಾಗಿ ಮಾತೇ ಮುಗೀತು" ಅಂತಲೂ ಕೆಲವರು ಹೇಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಇಲಿಗಳ ಮೂಗಿನ ತಳದಲ್ಲಿ ಅದಕ್ಕಂತಲೇ ಒಂದು ಅಂಗ ಇದೆ, ನಮ್ಮಲ್ಲಿ ಅದು ಸತ್ತುಹೋಗಿದೆ, ನಿಜ. ಆದರೆ ಮೊಲದ ಮರಿ ಆ ಅಣುವನ್ನು ಹಿಡಿಯುವುದು ಮಾಮೂಲಿ ಮೂಗಿನಿಂದಲೇ. ಬಾಗಿಲು ಮುಚ್ಚಿಲ್ಲ. ಯಾರೂ ಒಳಗೆ ಬಂದಿದ್ದು ಕಂಡಿಲ್ಲ, ಅಷ್ಟೇ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನೀವು ಬರೆದ ಆ ಬನಿಯನ್ ನೋಡಿ. ಅದು ಫೆರೋಮೋನ್ ಆಗಿದ್ದರೆ ಯಾವ ಗಂಡಸಿನ ಬನಿಯನ್ ಆದರೂ ನಿಮಗೆ ನಡೆಯಬೇಕಿತ್ತು. ನನ್ನ ಪತಂಗಗಳಿಗೆ ನನ್ನ ಅಂಗಿ ನಡೆದ ಹಾಗೆ. ನಿಮಗೆ ಬೇಕಾಗಿದ್ದು ಅವರದ್ದೇ ಬನಿಯನ್, ಅಲ್ವಾ? ಒಬ್ಬ ಮನುಷ್ಯನ ವಾಸನೆ ಅಂದರೆ ನೂರಾರು ಅಣುಗಳ ಬೆರಕೆ. ಕಂಕುಳಲ್ಲಿ ಆಗ ತಾನೇ ಬಂದ ಬೆವರಿಗೆ ವಾಸನೆಯೇ ಇರುವುದಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಜೀನ್, ಊಟ, ಆರೋಗ್ಯ, ಬ್ಯಾಕ್ಟೀರಿಯಾ ಎಲ್ಲ ಸೇರಿ ಆಗುವ ಒಂದು ಸಹಿ ಅದು. ಆ ಸಹಿ ಓದುವುದನ್ನು ನೀವು 11 ವರ್ಷ ಜೊತೆಗಿದ್ದು ಕಲಿತಿದ್ದೀರಿ. 2018ರಲ್ಲಿ ಕೆನಡಾದಲ್ಲಿ 96 ಜೋಡಿಗಳ ಮೇಲೆ ಒಂದು ಪರೀಕ್ಷೆ ಆಯಿತು. ಗಂಡಸರು ಒಂದು ದಿನ ಹಾಕಿಕೊಂಡ ಟೀ ಶರ್ಟನ್ನು ಹೆಂಗಸರಿಗೆ ಮೂಸಲು ಕೊಟ್ಟು, ಆಮೇಲೆ ಅವರನ್ನು ಒಂದು ಒತ್ತಡದ ಸಂದರ್ಶನಕ್ಕೆ ಕೂರಿಸಿದರು. ತಮ್ಮ ಸಂಗಾತಿಯ ಶರ್ಟ್ ಮೂಸಿದವರಿಗೆ ಒತ್ತಡ ಕಡಿಮೆ ಅನ್ನಿಸಿತು. ಅಪರಿಚಿತನ ಶರ್ಟ್ ಮೂಸಿದವರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಜಾಸ್ತಿ ಆಯಿತು. ನಿಮ್ಮ ದಿಂಬಿನ ಮೇಲಿನ ಬನಿಯನ್ ಸುಮ್ನೆ ಹುಚ್ಚು ಅಲ್ಲ.

ಮಳೆಬಿಲ್ಲು:

ಇದನ್ನು ಮೂರು ಸಲ ಓದಿದೆ. "ಯಾವ ಗಂಡಸಿನ ಬನಿಯನ್ ಆದರೂ ನಡೆಯಬೇಕಿತ್ತು" ಅನ್ನುವ ಮಾತು ಓದಿ ಅಳು ಬಂತು. ಆದರೆ ಆ ಟೀ ಶರ್ಟ್ ಪರೀಕ್ಷೆ ಸುಳ್ಳಾ? ಜೀನ್ ಹೊಂದೋದು ಅಂದರೆ ಏನು?

ಪತಂಗದ_ಹಿಂದೆ:

ಸುಳ್ಳಲ್ಲ. 1995ರಲ್ಲಿ ಸ್ವಿಟ್ಜರ್ಲೆಂಡ್‌ನ ಬರ್ನ್‌ನಲ್ಲಿ ಕ್ಲಾಸ್ ವೆಡೆಕಿಂಡ್ ಮಾಡಿದ್ದು. 44 ಗಂಡಸರು ಎರಡು ರಾತ್ರಿ ಒಂದೇ ಹತ್ತಿಯ ಟೀ ಶರ್ಟ್ ಹಾಕಿಕೊಂಡು ಮಲಗಿದರು. 49 ಹೆಂಗಸರು ಅವನ್ನು ಮೂಸಿ ಅಂಕ ಕೊಟ್ಟರು. ರೋಗ ನಿರೋಧಕ ಶಕ್ತಿಗೆ ಸಂಬಂಧಪಟ್ಟ ಒಂದು ಜೀನ್ ಗುಂಪು ಇದೆ. ಅದು ತಮಗಿಂತ ಬೇರೆ ಇರುವವರ ವಾಸನೆಯನ್ನು ಹೆಂಗಸರು ಜಾಸ್ತಿ ಮೆಚ್ಚಿದರು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಇದು ಉಲ್ಟಾ ಆಯಿತು.

ಒಳ್ಳೇ ಪ್ರಯೋಗವೇ. ಆದರೆ ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳು ಒಂದು ಅತ್ತ, ಒಂದು ಇತ್ತ ಹೋದವು. ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದಾಗ ಗಟ್ಟಿಯಾದ ಸಂಬಂಧ ಉಳಿಯಲಿಲ್ಲ. ಮುಖ್ಯವಾದ ಮಾತು ಇನ್ನೊಂದಿದೆ. ಜೀನ್ ಹುಟ್ಟಿನಿಂದ ಸಾಯುವವರೆಗೂ ಅದೇ ಇರುತ್ತದೆ. ಕೋವಿಡ್‌ಗೆ ಮುಂಚೆ ನಿಮ್ಮವರ ಜೀನ್ ಯಾವುದಿತ್ತೋ ಈಗಲೂ ಅದೇ. ನಿಮ್ಮದೂ ಅದೇ. ಬದಲಾಗಿರುವುದು ಮಧ್ಯೆ ಇರುವ ಮೂಗು ಮಾತ್ರ. ಅವರು ಎರಡು ಹೊತ್ತು ಸ್ನಾನ ಮಾಡಿದರೆ ಸರಿಹೋಗುವ ವಿಷಯ ಅಲ್ಲ ಇದು. ದಯವಿಟ್ಟು ಅವರಿಗೆ ಹೇಳಿ.

ತೆರೆದ_ಕಿಟಕಿ ಉತ್ತರಿಸಿದ್ದು:

ಸ್ಪ್ರೇ ಬಗ್ಗೆ ಕೇಳಿದಿರಿ. ನಾನು ತೆಗೆದುಕೊಂಡಿದ್ದೆ. ಯಾವ ಕಂಪನಿ ಅಂತ ಹೇಳುವುದು ಬೇಡ. ಆಗ ನಾನು ತುಂಬಾ ಒಂಟಿಯಾಗಿದ್ದೆ. ಬಾಟಲಿಯ ಮೇಲೆ ಆಂಡ್ರೋಸ್ಟೆನೋನ್ ಅಂತ ಬರೆದಿತ್ತು. ನನಗೆ ಅದರಲ್ಲಿ ಏನೂ ವಾಸನೆ ಬರಲಿಲ್ಲ. ನೀರು ಅಂದುಕೊಂಡು ಚೆನ್ನಾಗಿಯೇ ಹಾಕಿಕೊಂಡೆ. ಎರಡು ದಿನ ಆದ ಮೇಲೆ ಪಕ್ಕದ ಮೇಜಿನ ಸಹೋದ್ಯೋಗಿ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಬೇಜಾರು ಮಾಡ್ಕೋಬೇಡಿ, ನಿಮ್ಮ ಬಟ್ಟೆ ಉಚ್ಚೆ ವಾಸನೆ ಬರ್ತಿದೆ ಅಂದರು. ಅವರು ಎಷ್ಟು ಮೆಲ್ಲಗೆ ಹೇಳಿದರು ಅಂದರೆ, ಅದು ಈಗಲೂ ನೆನಪಿದೆ.

ಆಮೇಲೆ ಹುಡುಕಿ ಓದಿದೆ. ಈ ಅಣುವನ್ನು ಹಿಡಿಯುವ ಒಂದು ಗ್ರಾಹಕ (ರಿಸೆಪ್ಟರ್) ಮೂಗಿನ ಕೋಶಗಳಲ್ಲಿದೆ, ಅದರ ಜೀನ್ ಎಲ್ಲರಲ್ಲೂ ಒಂದೇ ಥರ ಇಲ್ಲ. 2007ರಲ್ಲಿ ಇದು ಗೊತ್ತಾಯಿತು. ಕೆಲವರಿಗೆ ಉಚ್ಚೆ, ಬೆವರು ವಾಸನೆ. ಕೆಲವರಿಗೆ ವೆನಿಲ್ಲಾ ಥರ ಸಿಹಿ. ಕೆಲವರಿಗೆ ಏನೂ ಇಲ್ಲ. ನಾನು ಮೂರನೇ ಗುಂಪು ಇರಬೇಕು. ಹಂದಿಗೆ ಕೆಲಸ ಮಾಡುತ್ತದೆ ಅಂತ ಮನುಷ್ಯರಿಗೆ ಮಾರುತ್ತಾರೆ. ನಿಮ್ಮ ಯಜಮಾನರಿಗೆ ಅದು ಬೇಡ ಮೇಡಂ.

ಪುಟ್ಟನ_ಅಮ್ಮ ಉತ್ತರಿಸಿದ್ದು:

ಆಕರ್ಷಣೆ ಅಂದರೆ ಎಲ್ಲರೂ ಗಂಡು ಹೆಣ್ಣು ಅಂತಲೇ ಯೋಚನೆ ಮಾಡುತ್ತೀರಿ. ಫೆರೋಮೋನ್ ಹುಡುಕಬೇಕಾದ ಜಾಗ ಬೇರೆ ಇದೆ ಅಂತ ನನಗನ್ನಿಸುತ್ತದೆ. ಮಗು ಹುಟ್ಟಿ ಒಂದು ಗಂಟೆಯಾಗಿತ್ತು. ನರ್ಸ್ ಅವನನ್ನು ನನ್ನ ಎದೆ ಮೇಲೆ ಮಲಗಿಸಿದರು. ಕಣ್ಣು ಮುಚ್ಚಿಕೊಂಡೇ ತಲೆಯನ್ನು ಅತ್ತ ಇತ್ತ ಆಡಿಸುತ್ತಾ, ತೆವಳುತ್ತಾ, ಬಾಯಿ ತೆರೆದುಕೊಂಡು ಬಂದ. ಯಾರೂ ತೋರಿಸಲಿಲ್ಲ. ಮೊಲೆತೊಟ್ಟಿನ ಸುತ್ತ ಕಪ್ಪು ಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳಿರುತ್ತವಲ್ಲ, ಅವು ಗ್ರಂಥಿಗಳು. ಅವುಗಳಿಂದ ಒಂದು ದ್ರವ ಬರುತ್ತದೆ. 2009ರಲ್ಲಿ ಫ್ರಾನ್ಸ್‌ನಲ್ಲಿ ಮೂರು ದಿನದ ಮಕ್ಕಳ ಮೂಗಿನ ಹತ್ತಿರ ಅದನ್ನು ಹಿಡಿದಾಗ ಮಕ್ಕಳು ಬಾಯಿ ಆಡಿಸಿದವು. ಅದು ಅವರ ಅಮ್ಮನದ್ದಲ್ಲ, ಬೇರೆ ತಾಯಂದಿರದ್ದು.

ಪತಂಗದ_ಹಿಂದೆ:

ಪುಟ್ಟನ ಅಮ್ಮ, ನೀವು ಹೇಳಿದ್ದು ಸರಿಯಾದ ಜಾಗ. ಬೇರೆ ತಾಯಿಯದ್ದಾದರೂ ಮಗು ಬಾಯಿ ತೆರೆಯಿತು ಅನ್ನುವುದೇ ಅಲ್ಲಿ ಮುಖ್ಯ. ವಯಾಟ್ ಕೂಡ ಮನುಷ್ಯರ ಫೆರೋಮೋನ್ ಹುಡುಕುವುದಾದರೆ ಅಲ್ಲಿಂದ ಶುರುಮಾಡಿ ಅಂತಾರೆ. ಅದರಲ್ಲಿ ಯಾವ ಅಣು ಅಂತ ಗೊತ್ತಾದ ದಿನ ನಾನು ರಜೆ ಹಾಕಿ ಓದುತ್ತೇನೆ.

ಲವಂಗ_ಡಬ್ಬಿ ಉತ್ತರಿಸಿದ್ದು:

ಅಕ್ಕ, ನಿಮ್ಮ ಹಾಗೇ ನನಗೂ ಆಗಿತ್ತು. ಹೀಗೆ ವಾಸನೆ ಕೆಟ್ಟು ಬರೋದಕ್ಕೆ ಪ್ಯಾರೋಸ್ಮಿಯಾ ಅಂತಾರೆ. ವೈರಸ್ ಮೂಗಿನ ನರಕೋಶಗಳಿಗೆ ಆಸರೆಯಾಗಿರುವ ಕೋಶಗಳನ್ನು ಹಾಳು ಮಾಡುತ್ತದೆ. ಆಮೇಲೆ ನರಗಳು ಹೊಸದಾಗಿ ಬೆಳೆಯುವಾಗ ಸಂಪರ್ಕ ಅರೆಬರೆ ಆಗುತ್ತದೆ. ಗಂಧಕ ಇರುವ ಅಣುಗಳು ಜಾಸ್ತಿ ಕಾಟ ಕೊಡುತ್ತವೆ. ಕಾಫಿ, ಈರುಳ್ಳಿ ಎರಡರಲ್ಲೂ ಅವು ಇವೆ. ಬೆವರಿನಲ್ಲೂ ಇವೆ. ನಿಮ್ಮ ಮೂಗು ಅಲ್ಲೇ ಎಡವುತ್ತಿರಬಹುದು.

ಇಎನ್‌ಟಿ ಡಾಕ್ಟರನ್ನು ಒಮ್ಮೆ ನೋಡಿ. ನನಗೆ ಅವರು ಹೇಳಿಕೊಟ್ಟಿದ್ದು ಮೂಗಿನ ತರಬೇತಿ. ಜರ್ಮನಿಯ ಥಾಮಸ್ ಹುಮ್ಮೆಲ್ ಅವರ ತಂಡ 2009ರಲ್ಲಿ ಇದನ್ನು ಪರೀಕ್ಷೆ ಮಾಡಿತ್ತಂತೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ನಾಲ್ಕು ಎಣ್ಣೆ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಒಂದೊಂದನ್ನೂ ಹತ್ತು ಹದಿನೈದು ಸೆಕೆಂಡು ಮೆಲ್ಲಗೆ ಮೂಸಬೇಕು. ಕಡಿಮೆ ಅಂದರೂ 12 ವಾರ. ಮೂಸುವಾಗ ಆ ವಾಸನೆ ಮೊದಲು ಹೇಗಿತ್ತು ಅಂತ ಮನಸ್ಸಿಟ್ಟು ನೆನಪಿಸಿಕೊಳ್ಳಬೇಕು. ಸುಮ್ನೆ ಮೂಸಿದರೆ ಸಾಲದು. ಎಲ್ಲರಿಗೂ ಪೂರ್ತಿ ವಾಪಸ್ ಬರಲ್ಲ. ನನಗೆ ಲವಂಗ ಮೊದಲು ಬಂತು, ಕಾಫಿ ಇನ್ನೂ ಅರ್ಧ ಬಂದಿದೆ. ಆದರೆ ಅಕ್ಕ, ಅದರ ಜೊತೆ ಐದನೇ ಡಬ್ಬಿ ಒಂದನ್ನು ನೀವೇ ಸೇರಿಸಿಕೊಳ್ಳಬಹುದು. ಯಾವುದು ಅಂತ ನಿಮಗೇ ಗೊತ್ತು.

ಮಳೆಬಿಲ್ಲು, ಏಳು ವಾರದ ನಂತರ:

ಎಲ್ಲರಿಗೂ ಒಂದು ವಿಷಯ ಹೇಳಬೇಕು ಅಂತ ಬಂದೆ.

ಆವತ್ತೇ ರಾತ್ರಿ ಈ ಮಾತುಕತೆಯನ್ನು ಅವರಿಗೆ ಓದಿ ಹೇಳಿದೆ. ಪತಂಗದ ಭಾಗ ಓದುವಾಗ ಅವರು ಮಧ್ಯೆ ತಡೆದು, "ಹಾಗಾದ್ರೆ ನನ್ನಿಂದ ಅಲ್ವಾ?" ಅಂತ ಕೇಳಿದರು. ಇಷ್ಟು ದಿನ ಅವರು ಹಾಗೆ ಅಂದುಕೊಂಡಿದ್ದರು. ನಾನು ಬಾಯಿಬಿಟ್ಟು ಹೇಳಿದ್ದರೆ ಅವರಿಗೆ ಆ ನೋವು ಇರುತ್ತಿರಲಿಲ್ಲ. ಹೊಸ ಸೋಪು ಮೂಲೆ ಸೇರಿತು.

ಡಾಕ್ಟರೂ ಪ್ಯಾರೋಸ್ಮಿಯಾ ಅಂತಲೇ ಹೇಳಿದರು. ನಾಲ್ಕು ಎಣ್ಣೆ ತಂದೆ. ಐದನೇ ಡಬ್ಬಿಯಲ್ಲಿ ಅವರ ಬನಿಯನ್. ಬಿಗಿ ಮುಚ್ಚಳದ ಗಾಜಿನ ಡಬ್ಬಿ. ಬೆಳಿಗ್ಗೆ ಎದ್ದ ತಕ್ಷಣ ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಕೊನೆಗೆ ಅದು. ಅದನ್ನು ತೆರೆಯುವಾಗ ಕಣ್ಣು ಮುಚ್ಚಿಕೊಂಡು ಹಳೇ ಮರದ ಪೆಟ್ಟಿಗೆ ನೆನಪು ಮಾಡಿಕೊಳ್ಳುತ್ತೇನೆ. ನಿಂಬೆ ಮೂರನೇ ವಾರ ಬಂತು. ಬನಿಯನ್ ಮಾತ್ರ ದಿನಾ ಒದ್ದೆ ರಟ್ಟು.

ಹೋದ ಭಾನುವಾರ ಅವರು ಸ್ಟೂಲ್ ಮೇಲೆ ಹತ್ತಿ ಫ್ಯಾನಿನ ಧೂಳು ಒರೆಸಿ ಕೆಳಗಿಳಿದರು. ಮೈಯೆಲ್ಲ ಬೆವರು. ನನ್ನ ಪಕ್ಕದಲ್ಲೇ ದಾಟಿಕೊಂಡು ಹೋದರು. ಒಂದು ಸೆಕೆಂಡು ಬಂತು. ಬಿಸಿಲಿಗೆ ಒಣಗಿದ ಬಟ್ಟೆ ಇರಲಿಲ್ಲ, ಆದರೆ ಮರ ಇತ್ತು. ಅವರ ಹಿಂದೆಯೇ ಹೋಗಿ ಕುತ್ತಿಗೆಗೆ ಮುಖ ಇಟ್ಟು ಮತ್ತೆ ಎಳೆದುಕೊಂಡೆ, ಅಷ್ಟರಲ್ಲಿ ರಟ್ಟು ವಾಪಸ್ ಬಂದಿತ್ತು. ಅವರು ಕೈಯಲ್ಲಿ ಧೂಳಿನ ಬಟ್ಟೆ ಹಿಡಿದುಕೊಂಡೇ ಅಲ್ಲಾಡದೆ ನಿಂತಿದ್ದರು. "ಬಂತಾ?" ಅಂದರು. "ಬಂದು ಹೋಯ್ತು" ಅಂದೆ.

ಇನ್ನೂ ಐದು ವಾರ ಇದೆ. ಡಬ್ಬಿಯಲ್ಲಿರುವ ಬನಿಯನ್ ಹಳೆಯದಾಗಿದೆ, ಇವತ್ತು ರಾತ್ರಿ ಬದಲಾಯಿಸುತ್ತೇನೆ.